ಚುಕ್ಕಿಯಲ್ಲಿ ಮೂಡುವ ಅಕ್ಷರ



ರಂಗೋಲಿ ಹಾಕುವವರು ಮೊದಲು ಚುಕ್ಕಿಗಳನ್ನಿಟ್ಟು ಆಮೇಲೆ ಎಳೆ ಎಳೆಯುತ್ತಾರೆ. ಇಂದು ನಾವು ನೋಡಲಿರುವ ಅಕ್ಷರಗಳಲ್ಲಿ ಎಳೆಯೇ ಇಲ್ಲ, ಇರುವುದೆಲ್ಲ ಚುಕ್ಕಿ. ರೈಲು ನಿಲ್ದಾಣದ ಫಲಕದಲ್ಲಿ, ಬಸ್ಸಿನ ಹಣೆಯ ಮೇಲೆ, ಹಳೆಯ ಪ್ರಿಂಟರಿನ ಬಿಲ್ಲಿನಲ್ಲಿ ನೀವು ಇವನ್ನು ಕಂಡಿರುತ್ತೀರಿ. ಇವೇ ಡಾಟ್ ಮ್ಯಾಟ್ರಿಕ್ಸ್ ಅಕ್ಷರಗಳು.

ಇದರ ತತ್ವ ಸರಳ. ಅಡ್ಡಕ್ಕೆ 5, ಉದ್ದಕ್ಕೆ 7, ಒಟ್ಟು 35 ಚುಕ್ಕಿಗಳ ಚೌಕಟ್ಟು. ಕೆಲವನ್ನು ಬೆಳಗಿಸಿ ಉಳಿದವನ್ನು ಆರಿಸಿದರೆ ಇಂಗ್ಲಿಷಿನ ಯಾವ ದೊಡ್ಡಕ್ಷರವಾದರೂ ಮೂಡುತ್ತದೆ. ದೂರದಿಂದ ಇವು ಗೆರೆಯಂತೆ ಕಾಣಲು ನಮ್ಮ ಕಣ್ಣೇ ಕಾರಣ. ಒಂದು ಡಿಗ್ರಿಯ 60ನೇ ಒಂದು ಭಾಗಕ್ಕಿಂತ ಕಿರಿದಾದ ಕೋನದಲ್ಲಿರುವ ಎರಡು ಬಿಂದುಗಳನ್ನು ಸಾಮಾನ್ಯ ದೃಷ್ಟಿ ಬೇರ್ಪಡಿಸಲಾರದು. ಆದ್ದರಿಂದ 10 ಮಿಲಿಮೀಟರ್ ಅಂತರದ ದೀಪಗಳು ಸುಮಾರು 34 ಮೀಟರಿನಾಚೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ.

ಆದರೆ ಕನ್ನಡಕ್ಕೆ 35 ಚುಕ್ಕಿ ಸಾಕೇ? 'ಸ್ತ್ರೀ' ಎಂದು ಬರೆದು ನೋಡಿ. ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಎರಡು ಒತ್ತು. ನಮ್ಮ ಲಿಪಿ ಮಹಡಿ ಮನೆಯಂತೆ ಎತ್ತರಕ್ಕೂ ಬೆಳೆಯುತ್ತದೆ. 1980ರ ದಶಕದಲ್ಲಿ ಮನೆಮಾತಾದ 9 ಸೂಜಿಗಳ ಪ್ರಿಂಟರಿನಲ್ಲಿ ಇಂಗ್ಲಿಷ್ ಸಾಲು ಒಂದೇ ಓಟದಲ್ಲಿ ಮುಗಿಯುತ್ತಿತ್ತು. ಕನ್ನಡವನ್ನಾದರೋ ಚಿತ್ರವೆಂದು ಭಾವಿಸಿ, ಒಂದು ಸಾಲಿಗೆ ಸೂಜಿಗಳನ್ನು ಹಲವು ಸಲ ಓಡಿಸಬೇಕಾಗುತ್ತಿತ್ತು.

ಚುಕ್ಕಿ ಉಳಿಸಲು ಹೊರಟರೆ ಅರ್ಥವೇ ಕೆಡುತ್ತದೆ. 'ಠ'ದ ಹೊಟ್ಟೆಯ ಚುಕ್ಕಿ ಆರಿದರೆ 'ಮಠ' 'ಮರ'ವಾಗುತ್ತದೆ. 'ಧ'ದ ಕೆಳಗಿನ ಸೀಳು ಮುಚ್ಚಿದರೆ 'ಧನ' ಹೋಗಿ 'ದನ' ಬರುತ್ತದೆ! ನಗು ಬರಬಹುದು. ಆದರೆ ಕನ್ನಡವೊಂದನ್ನೇ ಓದಬಲ್ಲ ಪ್ರಯಾಣಿಕನಿಗೆ ಬಸ್ಸಿನ ಫಲಕದಲ್ಲಿ ಊರಿನ ಹೆಸರು ಕೆಟ್ಟರೆ ಅದು ನಗೆಯ ಮಾತಲ್ಲ. ಇಂದು ಅಂಗಡಿಗಳ ಮುಂದೆ ಸಾಮಾನ್ಯವಾಗಿರುವ ಎಲ್‌ಇಡಿ ಹಲಗೆಯ ಒಂದು ತುಂಡಿನಲ್ಲಿ ಎತ್ತರಕ್ಕೆ 16 ಚುಕ್ಕಿಗಳಿರುತ್ತವೆ. ಒತ್ತಕ್ಷರ ಬಂದರೆ ಅಲ್ಲಿಯೂ ಇಕ್ಕಟ್ಟೇ. ಎರಡು ತುಂಡುಗಳನ್ನು ಮೇಲೆ ಕೆಳಗೆ ಜೋಡಿಸಿದರೆ 32 ಚುಕ್ಕಿ ಸಿಕ್ಕಿ ಅಕ್ಷರ ಉಸಿರಾಡುತ್ತದೆ.

ಈಗಿನ ಪರದೆಗಳಲ್ಲಿ ಚುಕ್ಕಿಗಳಿಗೆ ಬರವಿಲ್ಲ. ಆದರೂ ಹಳೆಯ ಸೊಬಗಿಗಾಗಿ ಚುಕ್ಕಿ ಅಕ್ಷರಗಳನ್ನು ಹೊಸದಾಗಿ ರಚಿಸುತ್ತಾರೆ. 2022ರಲ್ಲಿ ಬಂದ 'ನಥಿಂಗ್' ಮೊಬೈಲ್ ಫೋನಿನಲ್ಲಿಯೂ ಅಂಥ ಅಕ್ಷರಗಳಿದ್ದವು. ಅಂದಿನ ಅನಿವಾರ್ಯ ಇಂದು ಅಲಂಕಾರವಾಗಿದೆ. ಗಡಿಯಾರ, ಆಟದ ಅಂಕ, ಕಾರ್ಯಕ್ರಮದ ಶೀರ್ಷಿಕೆ ಇವಕ್ಕೆ ಅದು ಚೆನ್ನ. ಪುಟಗಟ್ಟಲೆ ಓದಲು ಕಣ್ಣಿಗೆ ಆಯಾಸ.

ನಿಮಗೊಂದು ಪ್ರಯೋಗ: ಗ್ರಾಫ್ ಹಾಳೆಯಲ್ಲಿ ನಿಮ್ಮ ಹೆಸರನ್ನು ಚುಕ್ಕಿಗಳಿಂದಲೇ ಬರೆಯಿರಿ. ಎತ್ತರಕ್ಕೆ ಮೊದಲು 7, ಅನಂತರ 16, ಕೊನೆಗೆ 32 ಮನೆ ತೆಗೆದುಕೊಳ್ಳಿ. ಪ್ರತಿಯೊಂದನ್ನೂ ಗೆಳೆಯರಿಗೆ ದೂರದಿಂದ ತೋರಿಸಿ ಓದಿಸಿ. ಎಷ್ಟು ಚುಕ್ಕಿ ಬೇಕೆಂಬುದನ್ನು ಯಂತ್ರ ನಿರ್ಧರಿಸಬೇಕೋ, ಅಕ್ಷರ ನಿರ್ಧರಿಸಬೇಕೋ ಎಂಬುದು ಆಗ ನಿಮಗೇ ತಿಳಿಯುತ್ತದೆ.