ತಾಯಿಯ ಬೆರಳಿಗೆ ಸಿಕ್ಕ ವಿದ್ಯೆ



ಸಿಕಲ್ ಸೆಲ್ ರಕ್ತಹೀನತೆ ಇರುವ ಮಕ್ಕಳು ದೊಡ್ಡವರಾಗುವುದು ಅಪರೂಪ ಎಂಬ ನಂಬಿಕೆ ಒಂದು ಕಾಲದ ವೈದ್ಯಲೋಕದಲ್ಲಿತ್ತು. 1966ರಲ್ಲಿ ಇಂಗ್ಲೆಂಡಿನಿಂದ ಜಮೈಕಾಕ್ಕೆ ಹೋದ ತರುಣ ವೈದ್ಯ ಗ್ರಹಾಂ ಸರ್ಜೆಂಟ್, ಪತ್ನಿ ಬೆರಿಲ್ ಅವರೊಡನೆ, ಆ ದ್ವೀಪದ ಹಳ್ಳಿಗಳಿಗೆ ರೋಗಿಗಳನ್ನು ಹುಡುಕಿಕೊಂಡು ಹೋದರು. ಅಲ್ಲಿ ಇದೇ ಕಾಯಿಲೆ ಹೊತ್ತು ನಡುವಯಸ್ಸು ಮುಟ್ಟಿದವರು ಸಿಕ್ಕರು. ಆಸ್ಪತ್ರೆಗೆ ಬರುತ್ತಿದ್ದವರು ತೀರಾ ನರಳುವವರು ಮಾತ್ರ. ಕಾಯಿಲೆಯ ಪೂರ್ತಿ ಚಿತ್ರ ಹೊರಗೇ ಉಳಿದಿತ್ತು.

ಈ ರೋಗದಲ್ಲಿ ಹಿಮೋಗ್ಲೋಬಿನ್‌ನ ರಚನೆಯೇ ಸ್ವಲ್ಪ ಬೇರೆ. ಆಮ್ಲಜನಕ ಬಿಟ್ಟುಕೊಟ್ಟಾಗ ಕೆಂಪು ರಕ್ತಕಣ ಸೆಟೆದು ಕುಡುಗೋಲಿನಂತೆ ಬಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಮೂಳೆಯಲ್ಲಿ ಏಳುವ ನೋವು ಸಹಿಸಲಾಗದ್ದು.

1973ರಿಂದ 1981ರವರೆಗೆ ಕಿಂಗ್‌ಸ್ಟನ್ನಿನ ವಿಕ್ಟೋರಿಯಾ ಜೂಬಿಲಿ ಹೆರಿಗೆ ಆಸ್ಪತ್ರೆಯಲ್ಲಿ ಸರ್ಜೆಂಟ್ ತಂಡ ಒಂದು ಲಕ್ಷ ನವಜಾತ ಶಿಶುಗಳ ರಕ್ತ ಪರೀಕ್ಷಿಸಿತು. ರೋಗವಿದ್ದ ಮುನ್ನೂರಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಬೆನ್ನುಬಿಡದೆ ನೋಡಿಕೊಂಡಿತು. ಎಳೆಯ ಮಕ್ಕಳು ಯಾಕೆ ಸಾಯುತ್ತಾರೆಂಬುದು ಆಗ ಸ್ಪಷ್ಟವಾಯಿತು. ಒಂದು ಕಾರಣ ನ್ಯುಮೋಕಾಕಸ್ ಸೋಂಕು. ಅದನ್ನು ಪೆನಿಸಿಲಿನ್ ತಡೆಯಬಲ್ಲದು. ಇನ್ನೊಂದು, ಎಡ ಪಕ್ಕೆಲುಬಿನ ಕೆಳಗಿರುವ ಗುಲ್ಮದಲ್ಲಿ ರಕ್ತ ಹಠಾತ್ತನೆ ತುಂಬಿಕೊಳ್ಳುವುದು. ಕೆಲವೇ ಗಂಟೆಗಳಲ್ಲಿ ಮಗು ಬಿಳಿಚಿಕೊಂಡು ಕೈತಪ್ಪಿ ಹೋಗುತ್ತದೆ. ಊರಿನಿಂದ ಆಸ್ಪತ್ರೆ ದೂರವಿದ್ದರೆ ಗತಿಯೇನು?

ಸರ್ಜೆಂಟ್ ತಂಡ ತಾಯಂದಿರಿಗೇ ಗುಲ್ಮ ಮುಟ್ಟಿ ನೋಡುವುದನ್ನು ಕಲಿಸಿತು. ದಿನವೂ ಹೊಟ್ಟೆ ಒತ್ತಿ ನೋಡಬೇಕು, ಊದಿದ್ದರೆ ತಡಮಾಡದೆ ರಕ್ತ ಕೊಡಿಸಲು ಓಡಿಬರಬೇಕು, ಅಷ್ಟೇ. ಈ ತೊಂದರೆಗೆ ಸಿಕ್ಕವರಲ್ಲಿ ಸಾಯುವವರ ಪ್ರಮಾಣ ಸುಮಾರು ಶೇಕಡ 90ರಷ್ಟು ಇಳಿಯಿತು. ಸರ್ಜೆಂಟ್ ಅವರ ಇಡೀ ವೃತ್ತಿಜೀವನದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ನಮಗೂ ಈ ಕಥೆ ದೂರದ್ದಲ್ಲ. ನೀಲಗಿರಿಯ ಬುಡಕಟ್ಟು ಜನರಲ್ಲಿ ಸಿಕಲ್ ಅಂಶವಿದೆಯೆಂದು ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ 1952ರಲ್ಲೇ ವರದಿ ಮಾಡಿದ್ದರು. ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಹಾಡಿಗಳಲ್ಲೂ ಅದು ಇದೆ. ಸರ್ಜೆಂಟ್ ಒಡಿಶಾಕ್ಕೂ ಬಂದು ಅಲ್ಲಿನ ವೈದ್ಯ ಬಿ.ಸಿ. ಕರ್ ಅವರೊಡನೆ ದುಡಿದರು. ಅಲ್ಲಿನ ರೋಗಿಗಳ ರಕ್ತದಲ್ಲಿ, ಕಣ ಬಾಗುವುದನ್ನು ತಗ್ಗಿಸುವ ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ ಜಮೈಕಾದವರಿಗಿಂತ ಹೆಚ್ಚು ಉಳಿದಿರುತ್ತದೆಂದು ಅವರ 1986ರ ವರದಿ ತೋರಿಸಿತು. ಅಂದರೆ ಜಮೈಕಾದ ಪಾಠವನ್ನು ಇಲ್ಲಿ ಹಾಗೇ ಇಳಿಸಲಾಗದು. ನಮ್ಮಲ್ಲಿ ಗುಲ್ಮ ದೊಡ್ಡ ವಯಸ್ಸಿನವರೆಗೂ ಊದಿಕೊಂಡಿರುವುದುಂಟು. ಆದರೂ ಅದನ್ನು ಮುಟ್ಟಿ ನೋಡುವ ವಿದ್ಯೆ ಇಲ್ಲೂ ಬೇಕು.

2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ರಕ್ತಪರೀಕ್ಷೆ ನಡೆಯುತ್ತಿದೆ. ಪರೀಕ್ಷೆಯಲ್ಲಿ ರೋಗ ಪತ್ತೆಯಾದ ಪ್ರತಿ ಮಗುವಿನ ಮನೆಗೆ ಫಲಿತಾಂಶದ ಚೀಟಿಯ ಜೊತೆಗೆ ಆಶಾ ಕಾರ್ಯಕರ್ತೆಯೂ ಹೋಗಲಿ, ತಾಯಿಯ ಕೈ ಹಿಡಿದು ಮಗುವಿನ ಎಡ ಪಕ್ಕೆಯ ಕೆಳಗೆ ಎಲ್ಲಿ ಒತ್ತಬೇಕೆಂದು ತೋರಿಸಲಿ.