ಒಲೆಗೆ ಬಿದ್ದ ಕಾಗದ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಕಂಪ್ಯೂಟರ್ ಬಗ್ಗೆ ಮಾತಾಡಪ್ಪ ಎಂದರು ಮೇಷ್ಟ್ರು. ಆದರೆ ನಾನು ಹೇಳಬೇಕಾಗಿರುವುದು ಒಂದು ಕಾಗದದ ಬಗ್ಗೆ.

ನಾನು ಇಲ್ಲಿ ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮಜ್ಜ ವಿಲ್ ಬರೆಸಿದರು. ನನ್ನ ಅಕ್ಷರ ದುಂಡಗಿದೆ ಎಂದು ಕರಡನ್ನು ನನ್ನ ಕನ್ನಡ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನನ್ನಿಂದಲೇ ಬರೆಸಿದ್ದರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿನಲ್ಲೇ ಉಳಿದಿದ್ದ ತಂಗಿಗೆ, ಅಂದರೆ ನಮ್ಮ ಚಿಕ್ಕಜ್ಜಿಗೆ, ತಾವು ದುಡಿದು ಕೊಂಡ ಜಮೀನಿನಲ್ಲಿ ಒಂದು ಎಕರೆ. ಆಮೇಲೆ ಶುದ್ಧಪ್ರತಿ ಬರೆಸಿ, ಸಹಿ ಹಾಕಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ಟ್ರಂಕಿನಲ್ಲಿಟ್ಟರು. ನೋಂದಣಿ ಮಾಡಿಸಲಿಲ್ಲ.

ಅಜ್ಜನ ತಿಥಿ ಮುಗಿದ ಮರುದಿನ ಬೆಳಿಗ್ಗೆ ಆ ಕಾಗದ ಬಚ್ಚಲೊಲೆಗೆ ಬೀಳುವುದನ್ನು ಕಂಡೆ. ಹಾಕಿದವರು ಮನೆಯವರೇ. "ಮನೆ ಮಾತು ಹೊರಗೆ ಹೋಗಬಾರದು" ಎಂದರು. ವಿಲ್ ಇಲ್ಲದಿದ್ದರೆ ಆಸ್ತಿ ಮೊದಲು ಹೆಂಡತಿ ಮಕ್ಕಳಿಗೆ. ತಂಗಿಗೆ ಏನೂ ಇಲ್ಲ. ಚಿಕ್ಕಜ್ಜಿ ಒಂದು ದಿನ ನನ್ನನ್ನೇ ಕೇಳಿದರು: "ಅಣ್ಣ ಏನಾದ್ರೂ ಬರೆಸಿದ್ನಾ ಮಗಾ?" "ಗೊತ್ತಿಲ್ಲ ಅಜ್ಜಿ" ಎಂದೆ. ಅದೇ ಹೊಲದಲ್ಲಿ ಕಳೆ ಕೀಳುತ್ತಲೇ ಅವರ ಕಾಲ ಮುಗಿಯಿತು.

ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 477ನೇ ಕಲಮನ್ನು ನಾನು ಓದಿದ್ದು ಎಷ್ಟೋ ವರ್ಷಗಳ ನಂತರ. 2024ರ ಜುಲೈ 1ರಿಂದ ಅದೇ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 343ನೇ ಕಲಮಿನಲ್ಲಿದೆ. ಮೋಸದಿಂದಾಗಲಿ, ಇನ್ನೊಬ್ಬರಿಗೆ ಹಾನಿ ಮಾಡುವ ಉದ್ದೇಶದಿಂದಾಗಲಿ ವಿಲ್, ಕ್ರಯಪತ್ರ, ಸಾಲಪತ್ರದಂಥ ಬೆಲೆಯುಳ್ಳ ಪತ್ರವನ್ನು ಸುಟ್ಟರೆ, ಹರಿದರೆ, ಅಳಿಸಿದರೆ ಅಪರಾಧ. ಬಚ್ಚಿಟ್ಟರೂ ಅಪರಾಧ, ಪ್ರಯತ್ನಪಟ್ಟರೂ ಅಪರಾಧ. ಶಿಕ್ಷೆ ಜೀವಾವಧಿ, ಇಲ್ಲವೇ 7 ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ. ಬರೆಸಿದವರು ತಮ್ಮ ವಿಲ್ಲನ್ನು ತಾವೇ ಹರಿದು ರದ್ದು ಮಾಡಬಹುದು. ಬೇರೆಯವರಿಗೆ ಆ ಹಕ್ಕಿಲ್ಲ.

ಇನ್ನೊಂದು ಮಾತು ನನ್ನನ್ನು ಹೆಚ್ಚು ಚುಚ್ಚಿತು. ಹೀಗೆ ನಾಶವಾದ ವಿಲ್ಲಿನ ನಕಲು ಅಥವಾ ಕರಡು ಉಳಿದಿದ್ದರೆ, ಅದನ್ನೇ ಮುಂದಿಟ್ಟು ನ್ಯಾಯಾಲಯಕ್ಕೆ ಹೋಗಲು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 237ನೇ ಕಲಮಿನಲ್ಲಿ ದಾರಿಯಿದೆ. ನನ್ನ ನೋಟ್‌ಬುಕ್ಕನ್ನು ಆ ಬೇಸಿಗೆ ರಜೆಯಲ್ಲಿ ಹಳೇ ಪೇಪರಿನವನಿಗೆ ತೂಕಕ್ಕೆ ಹಾಕಿದ್ದೆ. ಇಂದು ಕಂಪನಿಯ ಕೆಲಸಕ್ಕೆ ದಿನವೂ ಬ್ಯಾಕಪ್ ತೆಗೆಯುತ್ತೇನೆ.

ಹಿರಿಯರಲ್ಲಿ ನನ್ನ ಬೇಡಿಕೆ ಇಷ್ಟೇ. ವಿಲ್ಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಆದರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ಅಲ್ಲಿನ ದಾಖಲೆಯನ್ನು ಯಾವ ಬಚ್ಚಲೊಲೆಯೂ ಸುಡಲಾರದು.

ಮಕ್ಕಳೇ, ಇಂಥದ್ದನ್ನು ಕಂಡರೆ ಮೇಷ್ಟ್ರಿಗಾದರೂ ಹೇಳಿ. ನಾನು ಈ ಶಾಲೆಯಲ್ಲಿ ದುಂಡಗೆ ಬರೆಯುವುದನ್ನು ಕಲಿತೆ. ಬರೆದದ್ದರ ಪರವಾಗಿ ಬಾಯಿ ಬಿಡಲು ಇಷ್ಟು ವರ್ಷ ಬೇಕಾಯಿತು.