ಈ ತಾಯಿಗೆ ಬದಲಿ ಯಾರು?

(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯಲ್ಲಿ ಒಬ್ಬ ಕೆಲಸಕ್ಕೆ ಬಾರದಿದ್ದರೆ ಬದಲಿಯವನು ಆತನ ಮಗ್ಗ ನೋಡಿಕೊಳ್ಳುತ್ತಾನೆ. ಅಂಗಡಿಯವನೂ ರಾತ್ರಿ ಬಾಗಿಲು ಹಾಕಿ ಮಲಗುತ್ತಾನೆ. ಉಸಿರಿಗೆ ಯಂತ್ರ, ಊಟಕ್ಕೆ ನಳಿಕೆ ಬೇಕಾದ ಮಗುವಿನ ತಾಯಿಗೆ ಮಾತ್ರ ಪಾಳಿಯೂ ಇಲ್ಲ, ರಜೆಯೂ ಇಲ್ಲ. ಗಂಟಲಲ್ಲಿ ಕಫ ಕಟ್ಟಿದರೆ ನಡುರಾತ್ರಿಯಲ್ಲೂ ಆಕೆಯೇ ಏಳಬೇಕು.

ಅಮೆರಿಕದ ಅಯೋವಾ ರಾಜ್ಯದಲ್ಲಿ 1978ರಲ್ಲಿ ಹುಟ್ಟಿದ ಕೇಟಿ ಬೆಕೆಟ್ ಎಂಬ ಮಗುವಿಗೆ ಐದು ತಿಂಗಳಲ್ಲೇ ಮೆದುಳಿನ ಉರಿಯೂತ ತಗಲಿತು. ಉಸಿರಾಟಕ್ಕೆ ಯಂತ್ರ ಬೇಕಾಯಿತು. ಮನೆಗೆ ಹೋಗುವಷ್ಟು ಚೇತರಿಸಿಕೊಂಡ ಮೇಲೂ ಆಸ್ಪತ್ರೆಯಲ್ಲೇ ಉಳಿಯಬೇಕಾಯಿತು. ಆಸ್ಪತ್ರೆಯಲ್ಲಿದ್ದರೆ ಸರ್ಕಾರದ ಹಣ. ಮನೆಗೆ ಹೋದರೆ ಇಲ್ಲ. ಇದು ಅಂದಿನ ನಿಯಮ! ಆಸ್ಪತ್ರೆಗೆ ತಿಂಗಳಿಗೆ 6,000 ಡಾಲರ್, ಮನೆಯಲ್ಲಾದರೆ 1,000 ಎಂದು 1981ರ ನವೆಂಬರಿನಲ್ಲಿ ಅಧ್ಯಕ್ಷ ರೇಗನ್ನರೇ ಹೇಳಿದರು. ನಿಯಮ ಸಡಿಲಿಸಿದರು, ಮಗು ಮನೆ ಸೇರಿತು. ಇಂಥ ಇತರ ಮಕ್ಕಳಿಗೂ ಮನೆಯಲ್ಲೇ ನೆರವು ಕೊಡಲು 1982ರ ಕಾನೂನು ರಾಜ್ಯಗಳಿಗೆ ಅವಕಾಶವಿತ್ತಿತು. ಕೇಟಿ 34 ವರ್ಷ ಬದುಕಿದಳು.

ಅದೇ 1982ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಹೆಲೆನ್ ಹೌಸ್ ತೆರೆಯಿತು. ಅಲ್ಲಿಯವರು ಕೆಲವು ದಿನ ಮಗುವನ್ನು ನೋಡಿಕೊಂಡರೆ ಹೆತ್ತವರಿಗೆ ಅಷ್ಟು ದಿನ ನಿದ್ದೆ.

ನಮ್ಮಲ್ಲಿ? 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಆರೈಕೆ ಮಾಡುವವರ ಭತ್ಯೆಯ ಮಾತಾಡಿದೆ. ಮಾತು ಸಾಲದು. ನಾವು ಕೇಳುವುದಿಷ್ಟು: ಭತ್ಯೆ ಕೈಗೆ ಬರಬೇಕು, ತರಬೇತಿ ಪಡೆದ ದಾದಿ ಮನೆಗೆ ಬರಬೇಕು, ತಿಂಗಳಿಗೆ ಕೆಲವು ದಿನವಾದರೂ ಬದಲಿ ಸಿಗಬೇಕು. ಇದು ದಾನವಲ್ಲ. ಆಕೆ ಮಾಡುವುದು ದುಡಿಮೆ. ದುಡಿಮೆಗೆ ಬಿಡುವು ಬೇಕೆಂದು ಹೋರಾಡಿದ ನಾವೇ ಇದನ್ನು ಕೇಳದಿದ್ದರೆ ಮತ್ತಾರು ಕೇಳುವರು?